ಹನ್ನೊಂದು ದಿನ ಬಾಳಿದ ಡ್ಯೂಟಿ ಚಾರ್ಟ್: ಹುಬ್ಬಳ್ಳಿಯ ಒಂದು ಪಿಜಿ ವಿಭಾಗದ ಪ್ರಕರಣ

2024ರ ಅಕ್ಟೋಬರ್ 14, ಸೋಮವಾರ. ದಸರಾ ಮುಗಿದು ಎರಡು ದಿನವಾಗಿತ್ತು. ಅವತ್ತು ಬೆಳಗ್ಗೆ ನಮ್ಮ ಮೆಡಿಸಿನ್ ವಿಭಾಗದ ನೋಟಿಸ್ ಬೋರ್ಡಿಗೆ ನಾನೇ ಕೈಯಾರೆ ಹೊಸ ಡ್ಯೂಟಿ ಚಾರ್ಟ್ ಅಂಟಿಸಿದೆ. 24ನೇ ತಾರೀಕು ಸಂಜೆ ಅದನ್ನು ನಾನೇ ಕಿತ್ತು ತೆಗೆದೆ. ಆ ಹನ್ನೊಂದು ದಿನದಲ್ಲಿ ಏನು ತಪ್ಪಿತು, ಹರಿದ ಆ ಚಾರ್ಟು ಆಮೇಲೆ ಯಾವ ಹಿತ್ತಲ ಬಾಗಿಲಿನಿಂದ ಒಳಗೆ ಬಂತು ಅನ್ನುವುದೇ ಈ ಪ್ರಕರಣ.

ಆಸ್ಪತ್ರೆ ಹುಬ್ಬಳ್ಳಿ-ಧಾರವಾಡ ಅವಳಿನಗರದ್ದು, ಹೆಸರು ಬೇಡ. ನಾನು ಅಲ್ಲಿ ಅಸೋಸಿಯೇಟ್ ಪ್ರೊಫೆಸರ್, ಜೊತೆಗೆ ಪಿಜಿ ಕೋಆರ್ಡಿನೇಟರ್, ಅಂದರೆ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ (ಪಿಜಿ) ಓದುತ್ತಲೇ ವಾರ್ಡಿನಲ್ಲಿ ದುಡಿಯುವ ವೈದ್ಯರ ಉಸ್ತುವಾರಿ. ಈ ಎರಡನೆಯ ಹುದ್ದೆಗೆ ಸಂಬಳವಿಲ್ಲ, ಬೈಗುಳ ಮಾತ್ರ ಉಂಟು. ಕೆಳಗೆ ಬರುವ ರೋಗಿಯ ಊರು, ವಯಸ್ಸು, ಬೆಡ್ ನಂಬರ್ ಬದಲಿಸಿದ್ದೇನೆ.

ವಿಭಾಗ ನಡೆಯುತ್ತಿದ್ದ ಬಗೆ

ಐದು ಯುನಿಟ್, ವರ್ಷಕ್ಕೆ ಹತ್ತು ಪಿಜಿ ಸೀಟು, ಮೂರು ವರ್ಷಕ್ಕೆ ಮೂವತ್ತು ಜನ. ಪ್ರತಿ ಯುನಿಟ್ಟಿಗೂ ಒಬ್ಬ ಚೀಫ್ (ಯುನಿಟ್ಟಿನ ಮುಖ್ಯ ವೈದ್ಯರು), ಹೊಸ ರೋಗಿಗಳನ್ನು ಸೇರಿಸಿಕೊಳ್ಳಲು ವಾರಕ್ಕೊಂದು ಅಡ್ಮಿಶನ್ ದಿನ. ಶನಿವಾರ, ಭಾನುವಾರ ಸರದಿಯ ಮೇಲೆ. ಅಡ್ಮಿಶನ್ ದಿನ ಬೆಳಗ್ಗೆ ಎಂಟಕ್ಕೆ ಬಂದ ಜೂನಿಯರ್ ಪಿಜಿ ಹಗಲು ಓಪಿಡಿ, ರಾತ್ರಿ ಕ್ಯಾಜುವಾಲ್ಟಿ ಮುಗಿಸಿ, ಮರುದಿನ ಚೀಫ್ ರೌಂಡ್ಸಿಗೆ ನಿಂತು, ಅವರು ಹೇಳಿದ್ದನ್ನೆಲ್ಲ ಮಾಡಿ, ಡಿಸ್ಚಾರ್ಜ್ ಸಮರಿ ಬರೆದು ಹಾಸ್ಟೆಲ್ ಮುಟ್ಟುವಾಗ ಸಂಜೆ ಆರೋ ಏಳೋ ಆಗಿರುತ್ತಿತ್ತು. ಮೂವತ್ತನಾಲ್ಕು, ಮೂವತ್ತೈದು ತಾಸು. ಈ ಎರಡನೇ ದಿನಕ್ಕೆ ‘ಪೋಸ್ಟ್ ಡ್ಯೂಟಿ’ ಅನ್ನುತ್ತಾರೆ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಅಡ್ಮಿಶನ್ ಇಲ್ಲದ ರಾತ್ರಿಗಳಲ್ಲೂ ಯುನಿಟ್ಟಿನ ಒಬ್ಬ ಜೂನಿಯರ್ ವಾರ್ಡಿನ ಪಕ್ಕದ ಕೋಣೆಯಲ್ಲೇ ಮಲಗಬೇಕು, ಅಂದರೆ ಮಲಗಲು ಪ್ರಯತ್ನಿಸಬೇಕು.

ರೋಗಿಗಳು ಕುಂದಗೋಳ, ನವಲಗುಂದ, ಅಣ್ಣಿಗೇರಿಯಿಂದಷ್ಟೇ ಬರುವವರಲ್ಲ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಅತ್ತ ಯಲ್ಲಾಪುರ, ಮುಂಡಗೋಡದ ಕಡೆಯಿಂದಲೂ ಆಂಬುಲೆನ್ಸ್‌ಗಳು ಬರುತ್ತವೆ. ರಾತ್ರಿ ಒಂಬತ್ತರ ಮೇಲೆ ಹೆಚ್ಚು. ಅಲ್ಲಿ ಇಲ್ಲಿ ತೋರಿಸಿ, ದುಡ್ಡು ಮುಗಿದ ಮೇಲೆ, ಕತ್ತಲಾದ ಮೇಲೆ ಬರುತ್ತಾರೆ.

ನಿಯಮ ಇರಲಿಲ್ಲ ಅಂತಲ್ಲ. ರೆಸಿಡೆಂಟ್ ವೈದ್ಯರಿಗೆ (ನಮ್ಮ ಪಿಜಿಗಳೂ ಇದರಲ್ಲಿ ಬಂದರು) ದಿನಕ್ಕೆ ಸಾಮಾನ್ಯವಾಗಿ 12 ತಾಸಿಗಿಂತ ಹೆಚ್ಚು ಸತತ ಕೆಲಸ ಬೇಡ, ವಾರಕ್ಕೆ 48 ತಾಸು ಸಾಕು ಅಂತ ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. ನ್ಯಾಷನಲ್ ಮೆಡಿಕಲ್ ಕಮಿಷನ್ನಿನ 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಸಂಖ್ಯೆ ಮಾಯವಾಗಿ ‘ಸಮಂಜಸವಾದ ಕೆಲಸದ ಅವಧಿ, ಸಮಂಜಸವಾದ ವಿಶ್ರಾಂತಿ’ ಅನ್ನುವ ಮಾತು ಬಂತು. ಜೊತೆಗೆ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನದ ಸಾಂದರ್ಭಿಕ ರಜೆ. 2024ರಲ್ಲಿ ಅದೇ ಕಮಿಷನ್ ನೇಮಿಸಿದ್ದ ಮಾನಸಿಕ ಆರೋಗ್ಯದ ಕಾರ್ಯಪಡೆ ವಾರಕ್ಕೆ 74 ತಾಸು ಮೀರಬಾರದು ಅಂದಿತು. ಮೂವತ್ತೆರಡು ವರ್ಷದಲ್ಲಿ 48 ಹೋಗಿ ‘ಸಮಂಜಸ’ ಆಗಿ 74ಕ್ಕೆ ಬಂದು ನಿಂತಿದೆ. ನಮ್ಮ ಜೂನಿಯರ್‌ಗಳು ಆ 74ನ್ನು ಗುರುವಾರಕ್ಕೇ ಮುಟ್ಟುತ್ತಿದ್ದರು.

ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌.ಜಿ.ಕರ್ ಆಸ್ಪತ್ರೆಯ ಘಟನೆ ನಡೆಯಿತು. ಸತತ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಒರಗಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ. 17ನೇ ತಾರೀಕು ದೇಶವೆಲ್ಲ ಓಪಿಡಿ ಬಂದ್ ಆಯಿತು. ನಮ್ಮವರೂ ಕಪ್ಪು ಪಟ್ಟಿ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತು ಒಂದು ಮನವಿ ಕೊಟ್ಟರು. ಅದರಲ್ಲಿ ಡ್ಯೂಟಿ ರೂಮಿನ ಚಿಲಕ, ಓಣಿಯಂಥ ಕಾರಿಡಾರಿಗೆ ದೀಪ, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇದ್ದವು. ಅವು ಮೂರೂ ಒಂದು ತಿಂಗಳೊಳಗೆ ಆದವು. ನಾಲ್ಕನೆಯದು ಡ್ಯೂಟಿ ತಾಸು. ಅದನ್ನು ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ನನ್ನ ಕಡೆ ಸರಿಸಿದರು. “ನೀವ ನೋಡ್ರಿ ಡಾಕ್ಟ್ರ, ನಿಮಗ ಎಕ್ಸೆಲ್ ಬರ್ತೈತಿ.”

ಮೊದಲ ಸಲ

ಎಕ್ಸೆಲ್ ಬರುತ್ತಿತ್ತು. ಅದೇ ತಪ್ಪಾಯಿತು ಅಂತ ಈಗ ಅನಿಸುತ್ತದೆ.

ನಾನು ಮಾಡಿದ ಲೆಕ್ಕ ಇಷ್ಟು. ಯುನಿಟ್ಟಿಗೊಬ್ಬ ಜೂನಿಯರ್ ಪ್ರತಿ ರಾತ್ರಿ ಮಲಗುವುದರ ಬದಲು, ಇಡೀ ವಿಭಾಗಕ್ಕೆ ನಾಲ್ಕು ಜನರ ಒಂದು ರಾತ್ರಿ ತಂಡ: ಕ್ಯಾಜುವಾಲ್ಟಿಗೆ ಇಬ್ಬರು, ಐಸಿಯುಗೆ ಒಬ್ಬರು, ಎಲ್ಲ ವಾರ್ಡುಗಳಿಗೆ ಸೇರಿ ಒಬ್ಬರು. ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಆರು ರಾತ್ರಿ ಮಾಡಿದರೆ 72 ತಾಸು, 74ರ ಒಳಗೆ. ಉಳಿದವರು ರಾತ್ರಿ ಮನೆಗೆ. ಹಾಳೆಯ ಮೇಲೆ ಎಲ್ಲ ಚೌಕಗಳೂ ಹಸಿರು ಬಣ್ಣಕ್ಕೆ ತಿರುಗಿದವು. ಎಚ್‌ಓಡಿ ಒಪ್ಪಿದರು, ಇಬ್ಬರು ಚೀಫ್‌ಗಳು ‘ನೋಡೋಣಂತ’ ಅಂದರು. ನಮ್ಮ ಕಡೆ ‘ನೋಡೋಣಂತ’ ಅಂದರೆ ಏನರ್ಥ ಅಂತ ಇಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು.

ಕೇಳದೆ ಬಿಟ್ಟವರ ಪಟ್ಟಿ ಉದ್ದ ಇದೆ: ಫೈನಲ್ ಇಯರ್ ಪಿಜಿಗಳು, ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳು, ಡಿ ಗ್ರೂಪ್ ಸೂಪರ್‌ವೈಸರ್, ಲ್ಯಾಬಿನವರು. ಹೊತ್ತೂ ತಪ್ಪು. ಆ ವರ್ಷ ನೀಟ್ ಪಿಜಿ ಪರೀಕ್ಷೆ ಜೂನ್‌ನಲ್ಲಿ ಹಿಂದಿನ ರಾತ್ರಿ ಮುಂದೂಡಿ, ಆಗಸ್ಟ್ 11ಕ್ಕೆ ನಡೆದಿತ್ತು. ಹೊಸ ಬ್ಯಾಚ್ ಬರುವ ಸುದ್ದಿಯೇ ಇರಲಿಲ್ಲ. ಫೈನಲ್ ಇಯರ್‌ನವರು ಪರೀಕ್ಷೆಯ ಓದಿಗೆ ಲೈಬ್ರರಿ ಸೇರಿದ್ದರು. ಇಬ್ಬರು ಜಿಲ್ಲಾ ರೆಸಿಡೆನ್ಸಿಗೆ ಹೋಗಿದ್ದರು, ಪ್ರತಿಯೊಬ್ಬ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಾದ ಕಡ್ಡಾಯ ಅದು. ಮೂವತ್ತು ಜನರಲ್ಲಿ ವಾರ್ಡಿಗೆ ಸಿಗುತ್ತಿದ್ದವರು ಇಪ್ಪತ್ತರ ಆಸುಪಾಸು.

ಮೊದಲ ವಾರ ಗೊಣಗಾಟದಲ್ಲೇ ಹೋಯಿತು. ಹತ್ತನೇ ರಾತ್ರಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ರೋಣದ ಕಡೆಯ ಒಬ್ಬ ರೈತ. ‘ಎಣ್ಣಿ ಕುಡದಾನ್ರಿ’ ಅಂತ ಮೂರು ದಿನದ ಹಿಂದೆ ಕರೆತಂದಿದ್ದರು. ನಮ್ಮ ಸೀಮೆಯಲ್ಲಿ ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಹತ್ತಿಗೆ, ಮೆಣಸಿನಗಿಡಕ್ಕೆ ಔಷಧಿ ಹೊಡೆಯುವ ತಿಂಗಳುಗಳಲ್ಲಿ ಇಂಥವರು ವಾರ್ಡಿನಲ್ಲಿ ಇಲ್ಲದ ದಿನವೇ ಇರುವುದಿಲ್ಲ. ಪ್ರತಿವಿಷವಾದ ಅಟ್ರೋಪಿನ್ ಕೊಟ್ಟು ಮೊದಲ ಗಂಡಾಂತರ ದಾಟಿಸಿದ್ದೆವು. ಬಾಯಲ್ಲಿ ನೊರೆ ನಿಂತಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು, ಮಾತಾಡುತ್ತಿದ್ದ. ಐಸಿಯುನಿಂದ ವಾರ್ಡಿಗೆ ಬಂದ. ಸಂಜೆ ಮನೆಗೆ ಹೋಗುವ ಮುಂಚೆ ಆ ಯುನಿಟ್ಟಿನ ಜೂನಿಯರ್ ರಾತ್ರಿಯವನಿಗೆ ವಾಟ್ಸಾಪ್ ಮಾಡಿದ: “ಬೆಡ್ 14, ಓಪಿ ಪಾಯ್ಸನಿಂಗ್ ಡೇ 3, ಸ್ಟೇಬಲ್.”

ಓಪಿ ಅಂದರೆ ಆರ್ಗನೋಫಾಸ್ಫೇಟ್, ಕೀಟನಾಶಕದ ಒಂದು ಜಾತಿ. ಮೆಡಿಸಿನ್ ಓದಿದವರಿಗೆ ಗೊತ್ತು, ಈ ವಿಷದಲ್ಲಿ ಮೂರನೇ ದಿನ ಎಂಥದು ಅಂತ. ಮೊದಲ ಲಕ್ಷಣಗಳೆಲ್ಲ ಇಳಿದು ರೋಗಿ ಗೆದ್ದ ಅನ್ನುವ ಹೊತ್ತಿಗೆ, 24ರಿಂದ 96 ತಾಸಿನ ನಡುವೆ, ಕೆಲವರಿಗೆ ಸ್ನಾಯುಗಳ ಬಲ ಸೋರಿ ಹೋಗುತ್ತದೆ. 1987ರಲ್ಲಿ ಶ್ರೀಲಂಕಾದ ವೈದ್ಯರು ವಿವರಿಸಿದ ‘ಇಂಟರ್‌ಮೀಡಿಯೆಟ್ ಸಿಂಡ್ರೋಮ್’ ಇದು. ಮೊದಲು ಕುತ್ತಿಗೆ, ಆಮೇಲೆ ಉಸಿರು. ಅಟ್ರೋಪಿನ್ ಇದಕ್ಕೆ ಕೆಲಸ ಮಾಡುವುದಿಲ್ಲ. ವೆಂಟಿಲೇಟರ್ ಒಂದೇ ದಾರಿ, ಸಮಯಕ್ಕೆ ಹಾಕಿದರೆ ಬಹಳಷ್ಟು ಜನ ಎದ್ದು ಕೂರುತ್ತಾರೆ. ಹಿಡಿಯುವ ಪರೀಕ್ಷೆಯೋ, ಯಂತ್ರ ಬೇಡದ್ದು: ದಿಂಬಿನಿಂದ ತಲೆ ಎತ್ತಲು ಹೇಳಬೇಕು, ಅಷ್ಟೇ.

ಆ ಜೂನಿಯರ್‌ಗೆ ಇದು ಗೊತ್ತಿತ್ತು. ಅವತ್ತು ಮಧ್ಯಾಹ್ನವೇ ಎರಡು ಸಲ ತಲೆ ಎತ್ತಿಸಿ ನೋಡಿದ್ದ. ರಾತ್ರಿಯವನಿಗೂ ಪುಸ್ತಕದಲ್ಲಿ ಗೊತ್ತಿತ್ತು. ಆದರೆ ಅವನು ಬೇರೆ ಯುನಿಟ್, ಈ ರೋಗಿಯ ಮುಖ ನೋಡಿರಲಿಲ್ಲ, ಕೈಯಲ್ಲಿ ತೊಂಬತ್ತಕ್ಕೂ ಹೆಚ್ಚು ಹಾಸಿಗೆ, ಮತ್ತು ಬಂದ ಸಂದೇಶದ ಕೊನೆಯ ಪದ ‘ಸ್ಟೇಬಲ್’. ಸ್ಟೇಬಲ್ ಅಂದರೆ ಇತ್ತ ಬರಬೇಡ ಅಂತ.

ಬೆಳಗಿನ ಜಾವ ಮೂರೂವರೆಗೆ ಹೆಂಡತಿ ನೀರು ಕುಡಿಸಲು ಹೋದಾಗ ಆತನ ತಲೆ ಮೇಲೇಳಲಿಲ್ಲ, ನೀರು ಮೂಗಿಗೆ ಬಂತು. ಆಕೆ ಕೂಗಿದ್ದನ್ನು ಕೇಳಿ ಬಂದ ಸಿಸ್ಟರ್ ಒಂದು ನೋಟದಲ್ಲೇ ಹಿಡಿದರು. ಪಿಜಿಗೆ ಫೋನ್ ಮಾಡಿ, ಅವನು ಮೂರು ಮಹಡಿ ಹತ್ತಿ ಬರುವಷ್ಟರಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಿಡಿದು ನಿಂತಿದ್ದರು. ಟ್ಯೂಬ್ ಹಾಕಿ ಐಸಿಯುಗೆ ಒಯ್ದರು. ಎಂಟು ದಿನ ವೆಂಟಿಲೇಟರ್ ಮೇಲಿದ್ದು ಆತ ನಡೆದುಕೊಂಡೇ ಮನೆಗೆ ಹೋದ. ಹೋಗುವಾಗ ನನಗೆ ಕೈ ಮುಗಿದ. ನಾನು ಸಿಸ್ಟರ್ ಕಡೆ ತೋರಿಸಿದೆ.

24ನೇ ತಾರೀಕಿನ ಮಧ್ಯಾಹ್ನದ ಸಭೆಯಲ್ಲಿ ನಮ್ಮ ಹಿರಿಯ ಚೀಫ್ ದನಿ ಏರಿಸಲಿಲ್ಲ. “ಮೊದಲಿನ ಪದ್ಧತಿಯೊಳಗ ಅದ ಹುಡುಗ ಬಾಜೂ ಖೋಲ್ಯಾಗ ಮಲಗಿರ್ತಿದ್ದ. ಅಂವಾ ಅರ್ಧ ನಿದ್ದಿಗಣ್ಣಾಗ ಎದ್ದು ಬಂದ್ರೂ ಮೊದಲ ಕುತ್ತಿಗಿ ನೋಡ್ತಿದ್ದ. ಹೌದೋ ಅಲ್ಲೋ ಹೇಳ್ರಿ.” ಹೌದು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಚಾರ್ಟ್ ಕಿತ್ತೆ. ಜೂನಿಯರ್‌ಗಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮಾತು ಕೊಟ್ಟು ತಪ್ಪಿದವನನ್ನು ನೋಡುವ ನೋಟ.

ಸಿಸ್ಟರ್ ಕೇಳಿದ ಪ್ರಶ್ನೆ

ಒಂದು ವಾರದ ಮೇಲೆ ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಕೂತೆ. ಧಾರವಾಡದವರು, ನಿವೃತ್ತಿಗೆ ಮೂರು ವರ್ಷ ಇದ್ದವರು. ನಡೆದದ್ದು ಏನು ಅಂತ ಕೇಳಿದೆ. ಅವರು ಮೇಜಿನ ಮೇಲಿದ್ದ ದಪ್ಪ ರಿಜಿಸ್ಟರ್ ನನ್ನ ಕಡೆ ತಿರುಗಿಸಿದರು. “ಸರ, ನಾವ್ ದಿನಕ್ಕ ಮೂರ್ ಸಲ ಓವರ್ ಕೊಡ್ತೀವ್ರಿ. ಮುಂಜಾನೆ ಎಂಟಕ್ಕ, ಮಧ್ಯಾಹ್ನ ಎರಡಕ್ಕ, ರಾತ್ರಿ ಎಂಟಕ್ಕ. ಹಾಸಿಗಿ ಹಾಸಿಗಿಗೆ ಹೋಗಿ. ಡಾಕ್ಟ್ರು ಯಾವಾಗರ ಓವರ್ ಕೊಟ್ಟಿದ್ದು ನೋಡೀರೇನು ನೀವು?”

ನೋಡಿರಲಿಲ್ಲ. ಓವರ್ ಅಂದರೆ ಹ್ಯಾಂಡೋವರ್, ಪಾಳಿ ಬದಲಾಗುವಾಗ ಒಬ್ಬೊಬ್ಬ ರೋಗಿಯ ಕತೆಯನ್ನು ಮುಂದಿನವರಿಗೆ ಒಪ್ಪಿಸುವುದು. ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿ ಓಡಾಡಿ, ದಿನಕ್ಕೆ ಮೂರು ಸಲ ನನ್ನ ಕಣ್ಣ ಮುಂದೆಯೇ ನಡೆಯುತ್ತಿದ್ದದ್ದನ್ನು ನಾನು ದಾರಿಗೆ ಅಡ್ಡ ಅಂತ ಮಾತ್ರ ಕಂಡಿದ್ದೆ. ನಾವು ವೈದ್ಯರಿಗೆ ಓವರ್ ಬೇಕಾಗಿಯೇ ಇರಲಿಲ್ಲ, ಯಾಕೆಂದರೆ ನಾವು ಮನೆಗೇ ಹೋಗುತ್ತಿರಲಿಲ್ಲ. ಮೂವತ್ತೈದು ತಾಸಿನ ಡ್ಯೂಟಿ ಅನ್ನುವುದೇ ನಮ್ಮ ಹ್ಯಾಂಡೋವರ್ ಪದ್ಧತಿ ಆಗಿತ್ತು: ರೋಗಿಯ ಕತೆಯನ್ನು ಒಂದೇ ತಲೆಯೊಳಗೆ ಇಟ್ಟು ಆ ತಲೆಯನ್ನು ಆಸ್ಪತ್ರೆಯಿಂದ ಹೊರಗೆ ಬಿಡದಿರುವುದು. ನಾನು ಆ ತಲೆಯನ್ನು ಮನೆಗೆ ಕಳಿಸಿದೆ. ಕತೆಯನ್ನು ಯಾರ ಕೈಗೂ ಕೊಡಿಸಲಿಲ್ಲ.

ಇದು ತಿಳಿದ ಮೇಲೆ ಕೆಲಸದ ಕ್ರಮ ತಲೆಕೆಳಗಾಯಿತು. ತಾಸು ಇಳಿಸುವುದು ಕೊನೆಗೆ. ಮೊದಲು ಓವರ್.

ಡಿಸೆಂಬರ್‌ನಲ್ಲಿ ಐಸಿಯುನಲ್ಲಿ ಮಾತ್ರ ಶುರು ಮಾಡಿದೆವು, ಹಳೆಯ ಡ್ಯೂಟಿ ತಾಸುಗಳಲ್ಲೇ. ಇದಕ್ಕೊಂದು ಮಾದರಿ ಸಿದ್ಧವಾಗಿಯೇ ಇತ್ತು. ಅಮೆರಿಕ, ಕೆನಡಾದ ಒಂಬತ್ತು ಮಕ್ಕಳ ವಿಭಾಗಗಳಲ್ಲಿ ‘ಐ-ಪಾಸ್’ ಅನ್ನುವ ಪದ್ಧತಿ ಪರೀಕ್ಷಿಸಿ, 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯಕೀಯ ತಪ್ಪುಗಳು ಶೇ. 23, ತಡೆಯಬಹುದಾಗಿದ್ದ ಹಾನಿ ಶೇ. 30 ಕಡಿಮೆಯಾಗಿದ್ದವು. ಅದರಲ್ಲಿ ಐದು ಭಾಗ: ರೋಗಿ ಎಷ್ಟು ಗಂಭೀರ, ಸಂಕ್ಷಿಪ್ತ ಕತೆ, ಮಾಡಬೇಕಾದ ಕೆಲಸ, ರಾತ್ರಿ ಏನಾಗಬಹುದು ಮತ್ತು ಆದರೆ ಏನು ಮಾಡಬೇಕು, ಕೊನೆಗೆ ಕೇಳಿಸಿಕೊಂಡವನು ತಿರುಗಿ ಹೇಳುವುದು. ನಮ್ಮ ಹಾಳೆಯಲ್ಲಿ ಮೊದಲ ಮೂರಕ್ಕೆ ಸಣ್ಣ ಜಾಗ ಕೊಟ್ಟು ನಾಲ್ಕನೆಯದಕ್ಕೆ ಅರ್ಧ ಪುಟ ಬಿಟ್ಟೆವು. ಅದರ ತಲೆಬರಹ ‘ಹಿಂಗಾದ್ರ ಹಿಂಗ ಮಾಡು’. ಬೆಡ್ 14ರ ಹಾಳೆ ಅವತ್ತು ಇದ್ದಿದ್ದರೆ ಅಲ್ಲಿ ಒಂದೇ ಸಾಲು ಸಾಕಿತ್ತು: ಎರಡು ತಾಸಿಗೊಮ್ಮೆ ತಲೆ ಎತ್ತಿಸು, ಎತ್ತದಿದ್ದರೆ ಅನಸ್ತೇಶಿಯಾಕ್ಕೆ ಫೋನ್ ಮಾಡು, ಕಾಯಬೇಡ.

ಐದನೆಯ ಭಾಗಕ್ಕೆ ಪಿಜಿಗಳು ನಾಚಿದರು. ಎಂಬಿಬಿಎಸ್ ಮುಗಿಸಿ ಬಂದವರು ಕನ್ನಡ ಶಾಲೆಯ ಮಗ್ಗಿಯಂತೆ ತಿರುಗಿ ಒಪ್ಪಿಸುವುದೆಂದರೆ! ಸಿಸ್ಟರ್ ನಕ್ಕರು. “ಕಿರಾಣಿ ಅಂಗಡ್ಯಾಂವ ಚೀಟಿ ಓದಿ ಹೇಳಂಗಿಲ್ಲೇನು, ಎರಡ ಕಿಲೋ ಸಕ್ರಿ, ಅರ್ಧಾ ಕಿಲೋ ತೊಗರಿಬ್ಯಾಳಿ ಅಂತ? ಅಂವಗ ನಾಚಿಕಿ ಇಲ್ಲ, ನಿಮಗ್ಯಾಕ?” ಅಂದಿನಿಂದ ಅದರ ಹೆಸರು ‘ಕಿರಾಣಿ’ ಆಯಿತು. ‘ಕಿರಾಣಿ ಮುಗಿಸಿ ಹೋಗು’ ಅನ್ನುತ್ತಾರೆ ಈಗಲೂ. ‘ಸ್ಟೇಬಲ್’ ಪದಕ್ಕೆ ನಿಷೇಧ ಬಿತ್ತು. ಬಾಯಿ ತಪ್ಪಿ ಅಂದವರು ರಾತ್ರಿ ತಂಡಕ್ಕೆಲ್ಲ ಗಿರಮಿಟ್ಟು, ಮಿರ್ಚಿ ತರಿಸಬೇಕು. ಮೊದಲ ತಿಂಗಳು ಗಿರಮಿಟ್ಟಿನ ಅಂಗಡಿಯವನಿಗೆ ಒಳ್ಳೆಯ ವ್ಯಾಪಾರವಾಯಿತು. ನಾನೂ ಎರಡು ಸಲ ತೆತ್ತಿದ್ದೇನೆ.

ನೋಟ್‌ಬುಕ್ಕಿನ ವಾರ

ಇದರ ಜೊತೆಗೇ ಇನ್ನೊಂದು ಕೆಲಸ ಮಾಡಿದೆ. ಒಂದು ವಾರ ರಾತ್ರಿ ಹೊತ್ತು ಜೂನಿಯರ್‌ಗಳ ಹಿಂದೆ ಸುಮ್ಮನೆ ಒಂದು ನೋಟ್‌ಬುಕ್ ಹಿಡಿದು ಓಡಾಡಿದೆ. ತಾಸು ತಾಸಿಗೆ ಅವರು ಏನು ಮಾಡುತ್ತಿದ್ದಾರೆ ಅಂತ ಬರೆದುಕೊಳ್ಳುವುದಷ್ಟೇ.

ಬಳ್ಳಾರಿ ಕಡೆಯಿಂದ ಬಂದ ಫಸ್ಟ್ ಇಯರ್ ಹುಡುಗಿ ಒಂದೇ ರಾತ್ರಿ ಹದಿನಾಲ್ಕು ಸಲ ಲ್ಯಾಬಿಗೆ ಹೋಗಿ ಬಂದಳು. ರಕ್ತದ ಸ್ಯಾಂಪಲ್ ಒಯ್ಯಲು, ರಿಪೋರ್ಟ್ ತರಲು. ಎರಡು ಸಲ ಬ್ಲಡ್ ಬ್ಯಾಂಕು. ಒಮ್ಮೆ ಸಿಟಿ ಸ್ಕ್ಯಾನಿಗೆ ಸ್ಟ್ರೆಚರ್ ತಳ್ಳಿದಳು, ಒಂದು ಕಡೆ ಆಕೆ, ಇನ್ನೊಂದು ಕಡೆ ರೋಗಿಯ ಅಳಿಯ. ಉಳಿದ ಹೊತ್ತಿನಲ್ಲಿ ಬಹುಪಾಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪೂರ್ವಾನುಮತಿ ಫಾರ್ಮು, ಫೋಟೋ ಅಪ್‌ಲೋಡು. ರೋಗಿಯ ಹಾಸಿಗೆಯ ಹತ್ತಿರ ಸ್ಟೆತ್ ಹಿಡಿದು ನಿಂತ ಹೊತ್ತು ಎಲ್ಲ ಕೂಡಿಸಿದರೂ ಲ್ಯಾಬಿನ ಮೆಟ್ಟಿಲ ಮೇಲಿನ ಹೊತ್ತಿಗೆ ಸಮ ಬರಲಿಲ್ಲ. ಬೆಳಗ್ಗೆ ಚೀಫ್ ಕೇಳಿದರು: “ಏನವಾ, ರಾತ್ರಿ ಏನ್ ಕಲತಿ?” ಆಕೆ ನೆಲ ನೋಡಿದಳು. ನೋಟ್‌ಬುಕ್ ನನ್ನ ಜೇಬಿನಲ್ಲಿತ್ತು, ತೆಗೆದು ತೋರಿಸಬೇಕಿತ್ತು. ಅವತ್ತು ತೋರಿಸಲಿಲ್ಲ.

ನನ್ನ ಹಸಿರು ಚೌಕಗಳಲ್ಲಿ ಈ ಓಡಾಟ ಎಲ್ಲಿಯೂ ಇರಲಿಲ್ಲ. ಹಿಂದೆ ಐದು ಜನ ಜೂನಿಯರ್‌ಗಳು ಹಂಚಿಕೊಂಡು ಮಾಡುತ್ತಿದ್ದ ಸ್ಯಾಂಪಲ್ ಸಾಗಾಟವನ್ನು ವಾರ್ಡಿನ ಒಬ್ಬನ ತಲೆ ಮೇಲೆ ಹಾಕಿದ್ದೆ. ಬೆಡ್ 14ರ ರಾತ್ರಿ ಆ ಪಿಜಿ ಮೂರು ಮಹಡಿ ಕೆಳಗೆ ಎಲ್ಲಿದ್ದ? ಲ್ಯಾಬಿನ ಕಿಟಕಿಯ ಮುಂದೆ, ಇನ್ನೊಬ್ಬರ ಎಬಿಜಿ (ರಕ್ತದ ಆಮ್ಲಜನಕ ಮುಂತಾದವುಗಳ ಪರೀಕ್ಷೆ) ರಿಪೋರ್ಟಿಗೆ ಕಾಯುತ್ತ.

ಈ ನೋಟ್‌ಬುಕ್ಕಿನ ಪುಟಗಳನ್ನು ಜೆರಾಕ್ಸ್ ಮಾಡಿಸಿ ಸೂಪರಿಂಟೆಂಡೆಂಟರಿಗೆ ಕೊಟ್ಟೆ. ನಿಯಮಾವಳಿ, ಕಾರ್ಯಪಡೆ, ಅಮೆರಿಕದ ಅಧ್ಯಯನ ಯಾವುದಕ್ಕೂ ಅಲುಗದವರು ‘ಹದಿನಾಲ್ಕು ಸಲ’ಕ್ಕೆ ಅಲುಗಿದರು. ಜನವರಿಯಲ್ಲಿ ರಾತ್ರಿಗೆ ಇಬ್ಬರು ಹೊರಗುತ್ತಿಗೆಯ ನೌಕರರು ಬಂದರು, ಸ್ಯಾಂಪಲ್ಲಿಗೊಬ್ಬ, ಸ್ಟ್ರೆಚರಿಗೊಬ್ಬ. ಪಿಜಿಗಳು ಅವರನ್ನು ‘ಅಣ್ಣಾ’ ಅನ್ನುತ್ತಿದ್ದ ದನಿಯಲ್ಲಿ ಇದ್ದ ಕೃತಜ್ಞತೆಯನ್ನು ನಾನು ಯಾವ ಪ್ರೊಫೆಸರಿಗೂ ಸಿಕ್ಕದ್ದು ಕಂಡಿಲ್ಲ.

ಅತ್ತೆಗೊಂದು ಕಾಲ

ಚೀಫ್‌ಗಳು ತಡೆಯುತ್ತಾರೆ ಅಂದುಕೊಂಡಿದ್ದೆ. ಗಟ್ಟಿಯಾಗಿ ತಡೆದವರು ಸೀನಿಯರ್ ಪಿಜಿಗಳು. ಹಳೆಯ ಪದ್ಧತಿಯಲ್ಲಿ ಮೊದಲ ವರ್ಷ ಸಾಯುವಷ್ಟು ದುಡಿದರೆ ಕೊನೆಯ ವರ್ಷ ರಾತ್ರಿ ಫೋನಿನಲ್ಲೇ ಡ್ಯೂಟಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆತನ ಮುಗಿಸಿ ಅತ್ತೆಯಾಗುವ ಹೊತ್ತಿಗೆ ನಾನು ಹೋಗಿ ‘ಇನ್ನು ಮೇಲೆ ಎಲ್ಲರೂ ರಾತ್ರಿ ಮಾಡಬೇಕು’ ಅಂದಿದ್ದೆ. ಒಬ್ಬ ಮುಖಕ್ಕೇ ಹೇಳಿದ: “ಸರ, ನಮ್ಮ ಎರಡ ವರ್ಷದ ನಿದ್ದಿ ಯಾರ್ ವಾಪಸ್ ಕೊಡ್ತಾರ್ರಿ?” ಇದನ್ನು ಸ್ವಾರ್ಥ ಅಂತ ತಳ್ಳಿಹಾಕಬಹುದಿತ್ತು. ಆದರೆ ಕೊಟ್ಟ ಸಾಲ ಕೇಳುವವನನ್ನು ಸ್ವಾರ್ಥಿ ಅನ್ನಲಾಗುವುದಿಲ್ಲ. ಫೈನಲ್ ಪರೀಕ್ಷೆಗೆ ಮುಂಚಿನ ನಾಲ್ಕು ತಿಂಗಳು ರಾತ್ರಿ ತಂಡದಿಂದ ಬಿಡುವು ಅಂತ ಲಿಖಿತವಾಗಿ ಕೊಟ್ಟೆವು. ಅದರ ಹೊರೆ ಕೆಳಗಿನವರ ಮೇಲೆ ಬಿತ್ತು, ಅದನ್ನೂ ಮುಚ್ಚಿಡಲಿಲ್ಲ.

ಹಿರಿಯ ಚೀಫ್ ಜೊತೆಗಿನ ಮಾತು ಬೇರೆ ದರ್ಜೆಯದು. ಅವರು ಒಂದು ದಿನ ಪ್ರಿಂಟ್ ತೆಗೆಸಿಕೊಂಡು ಬಂದರು, 2016ರ ಅಮೆರಿಕದ ಅಧ್ಯಯನ. 117 ಶಸ್ತ್ರಚಿಕಿತ್ಸಾ ತರಬೇತಿ ಕಾರ್ಯಕ್ರಮಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಕಟ್ಟುನಿಟ್ಟಿನ ಶಿಫ್ಟ್, ಇನ್ನೊಂದರಲ್ಲಿ ಉದ್ದ ಶಿಫ್ಟಿಗೆ ಅವಕಾಶ. ರೋಗಿಗಳ ಸಾವಿನಲ್ಲಾಗಲಿ, ಗಂಭೀರ ತೊಡಕುಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ 2003ರಿಂದ ವಾರಕ್ಕೆ 80 ತಾಸಿನ ಮಿತಿ ಇದೆ, 2011ರಲ್ಲಿ ಮೊದಲ ವರ್ಷದವರಿಗೆ ಒಂದೇ ಬಾರಿಗೆ 16 ತಾಸು ಅಂತ ಬಿಗಿ ಮಾಡಿ, 2017ರಲ್ಲಿ ಅದನ್ನು ಸಡಿಲಿಸಿದರು. “ಅವ್ರ ತಿರುಗಿ ಬಂದಾರ, ನೀವ್ ಈಗ ಹೊಂಟೀರಿ” ಅಂದರು. ನಾನು, ಆ ಅಧ್ಯಯನದ ಎರಡೂ ಗುಂಪಿಗೆ 80ರ ಮಿತಿ ಇತ್ತು ಸರ, ನಮ್ಮವರು ನೂರರ ಮೇಲಿದ್ದಾರೆ ಅಂದೆ. ಅವರು ಒಪ್ಪಲಿಲ್ಲ, ಆದರೆ ಅಸಲಿ ಮಾತಿಗೆ ಬಂದರು. ಕ್ಯಾಜುವಾಲ್ಟಿಯಲ್ಲಿ ಕಂಡ ಡಿಕೆಎ (ಸಕ್ಕರೆ ಕಾಯಿಲೆಯ ಒಂದು ಗಂಡಾಂತರ) ರೋಗಿಯನ್ನು ಮರುದಿನ ಎದ್ದು ಕೂರುವವರೆಗೆ ನೋಡದ ಹುಡುಗ ಮೆಡಿಸಿನ್ ಕಲಿಯುವುದು ಹೇಗೆ? ಅರ್ಧ ಸಿನಿಮಾ ನೋಡಿ ಎದ್ದು ಹೋದ ಹಾಗೆ ಅಲ್ಲವೆ?

ಇದಕ್ಕೆ ಇಬ್ಬರೂ ಸೇರಿ ಕಂಡುಕೊಂಡ ದಾರಿ ಇಷ್ಟು. ರಾತ್ರಿಯವನು ಹಾಳೆ ಕೊಟ್ಟು ಓಡುವ ಹಾಗಿಲ್ಲ; ಬೆಳಗ್ಗೆ ಎಂಟಕ್ಕೆ ಹಾಸಿಗೆಯ ಬಳಿ ನಿಂತು ತಾನು ಅಡ್ಮಿಟ್ ಮಾಡಿದವರ ಕತೆಯನ್ನು ಚೀಫ್ ಎದುರಿಗೇ ಒಪ್ಪಿಸಿ ಒಂಬತ್ತಕ್ಕೆ ಮನೆಗೆ. ಮರುರಾತ್ರಿ ಬಂದಾಗ ಅದೇ ರೋಗಿಯನ್ನು ಮೊದಲು ನೋಡಬೇಕು. ಹೀಗೆ ಮಾಡಿದರೆ ವಾರದ ತಾಸು 72ರಿಂದ 78ಕ್ಕೆ ಹೋಗುತ್ತದೆ; ಅದನ್ನು ಸರಿದೂಗಿಸಲು ಆರು ರಾತ್ರಿಯನ್ನು ಐದಕ್ಕೆ ಇಳಿಸಿದೆವು, 65 ತಾಸು.

ಆದರೆ ಇದಕ್ಕೆ ಚೀಫ್ ಎಂಟಕ್ಕೆ ಬರಬೇಕು. ಒಂಬತ್ತೂವರೆಗಲ್ಲ. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಷ್ಟು ದಿನ ಪಿಜಿಗಳನ್ನು ಬದಲಿಸುವ ಮಾತಾಡುತ್ತಿದ್ದೆವು. ಅವರು ಪೋಸ್ಟ್ ಡ್ಯೂಟಿಯಲ್ಲಿ ಸಂಜೆಯವರೆಗೆ ಸಿಕ್ಕಿಬೀಳುತ್ತಿದ್ದದ್ದು ಬಹುಮಟ್ಟಿಗೆ ನಮ್ಮ ರೌಂಡ್ಸ್ ತಡವಾಗಿ ಶುರುವಾಗಿ ಒಂದು ಗಂಟೆಗೆ ಮುಗಿಯುತ್ತಿದ್ದುದರಿಂದ. ನಾನೂ ಒಂಬತ್ತೂ ಕಾಲಿಗೆ ಬರುತ್ತಿದ್ದವನೇ; ಮಗಳ ಶಾಲೆ ಅನ್ನುವ ನೆಪ ಇತ್ತು. ಹಿರಿಯ ಚೀಫ್ ಕನ್ನಡಕ ಒರೆಸಿಕೊಂಡು, “ಎಂಟಕ್ಕಂದ್ರ ಎಂಟಕ್ಕ, ಮುಂದ ನೀವ ತಪ್ಪಿಸಬ್ಯಾಡ್ರಿ” ಅಂದರು. ಐದು ಚೀಫ್‌ಗಳಲ್ಲಿ ಈಗ ಮೂವರು ಎಂಟಕ್ಕೆ ಬರುತ್ತಾರೆ. ನಾಲ್ಕನೆಯವರು ಎಂಟೂವರೆ. ಐದನೆಯವರ ಬಗ್ಗೆ ಬರೆಯುವುದಿಲ್ಲ.

ಎರಡನೇ ಸಲ

ಹೊಸ ಬ್ಯಾಚ್ ಸೇರಿ ಕಾಲೂರಿದ ಮೇಲೆ, 2025ರ ಮಾರ್ಚ್‌ನಲ್ಲಿ ಚಾರ್ಟ್ ಮತ್ತೆ ಬೋರ್ಡಿಗೆ ಬಂತು. ಈ ಸಲ ಅಂಟಿಸಿದ್ದು ನಾನಲ್ಲ. ಪಿಜಿಗಳೇ ಇಬ್ಬರನ್ನು ಆರಿಸಿ ಚಾರ್ಟ್ ಹಾಕುವ ಕೆಲಸ ಕೊಟ್ಟಿದ್ದಾರೆ. ಮದುವೆ, ಜಾತ್ರೆ, ಥೀಸಿಸ್ ಗಡುವು ಅಂತ ಅದಲು ಬದಲು ಮಾಡಿಕೊಳ್ಳುವುದು ಅವರವರಿಗೇ ಗೊತ್ತು. ನನ್ನ ಎಕ್ಸೆಲ್ ಹಾಳೆ ನಿವೃತ್ತಿ ಪಡೆದಿದೆ.

ಎಲ್ಲ ಸುಸೂತ್ರ ಅಂತ ಹೇಳಲಾರೆ. ಭಾನುವಾರ ಒಂದು ಯುನಿಟ್ ಈಗಲೂ ಹಳೆಯ ಪದ್ಧತಿಯಲ್ಲೇ ನಡೆಯುತ್ತದೆ, ನಮಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ. ಕ್ಯಾಜುವಾಲ್ಟಿ ತುಂಬಿದ ರಾತ್ರಿ ಹಾಳೆಗಳು ಅರ್ಧ ಖಾಲಿ ಇರುತ್ತವೆ. ರಾತ್ರಿ ಪಾಳಿಯ ವಾರದಲ್ಲಿ ಸೆಮಿನಾರ್, ಜರ್ನಲ್ ಕ್ಲಬ್ ತಪ್ಪುತ್ತದೆ ಅನ್ನುವ ದೂರು ನಿಜವಾದದ್ದೇ. ಅದಕ್ಕೆ ಇನ್ನೂ ದಾರಿ ಕಂಡಿಲ್ಲ. ಹಾವೇರಿಗೆ ಜಿಲ್ಲಾ ರೆಸಿಡೆನ್ಸಿಗೆ ಹೋದ ನಮ್ಮ ಪಿಜಿಯೊಬ್ಬ ಹಾಳೆಯ ಕಟ್ಟು ಒಯ್ದಿದ್ದ. ವಾರದ ಮೇಲೆ ಫೋನ್ ಮಾಡಿ, “ಸರ, ರಾತ್ರಿ ಇಲ್ಲಿ ನಾ ಒಬ್ಬನ ಇರೋದು, ಓವರ್ ಯಾರಿಗ್ ಕೊಡ್ಲಿರೀ?” ಅಂದ. ಸಿಸ್ಟರಿಗೆ ಕೊಡು ಅಂದೆ. ಅದು ತಮಾಷೆಗೆ ಹೇಳಿದ್ದಲ್ಲ. ಅವನು ಹಾಗೇ ಮಾಡುತ್ತಿದ್ದಾನೆ.

ಹತ್ತಿಗೆ ಔಷಧಿ ಹೊಡೆಯುವ ಕಾಲ ಮತ್ತೆ ಬಂದಾಗ ಒಂದು ಬೆಳಗ್ಗೆ ಎಂಟರ ಓವರ್‌ನಲ್ಲಿ ನಿಂತಿದ್ದೆ. ರಾತ್ರಿಯ ಹುಡುಗಿ ಒಪ್ಪಿಸುತ್ತಿದ್ದಳು, ಓಪಿ ಪಾಯ್ಸನಿಂಗ್, ಎರಡನೇ ದಿನ. ಹಿರಿಯ ಚೀಫ್ ನಡುವೆ ಕೈ ಎತ್ತಿದರು. “ಕುತ್ತಿಗಿ?” “ಎರಡಕ್ಕ, ನಾಲ್ಕಕ್ಕ, ಆರಕ್ಕ ನೋಡೇನ್ರಿ ಸರ, ಎತ್ತತಾನ.” ಹಗಲಿನ ಹುಡುಗ ತಿರುಗಿ ಹೇಳಿದ, ಚೀಫ್ ಮುಂದಿನ ಹಾಸಿಗೆಗೆ ನಡೆದರು.

ಆ ಹೊರಗುತ್ತಿಗೆಯ ಇಬ್ಬರು ಅಣ್ಣಂದಿರ ಗುತ್ತಿಗೆ ಮಾತ್ರ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ನವೀಕರಣದ ಫೈಲು ಎರಡು ಸಲ ‘ಪಿಜಿಗಳು ಲಭ್ಯರಿರುವಾಗ ಅಗತ್ಯವೇನು’ ಅನ್ನುವ ಟಿಪ್ಪಣಿ ಹೊತ್ತು ವಾಪಸ್ ಬಂದಿದೆ. ಮೂರನೇ ಸಲ ಕಳಿಸಿದ್ದೇನೆ, ನೋಟ್‌ಬುಕ್ಕಿನ ಜೆರಾಕ್ಸ್ ಪಿನ್ ಮಾಡಿ.